ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ: ಸೊಪ್ಪಿನ ಬೆಟ್ಟದಲ್ಲಿ ಮಾಡುವ ಕೆಲಸ, ಬಿಡುವ ಕೆಲಸ

ಮಲೆನಾಡಿನ ಅಡಿಕೆ ತೋಟದ ಬೆನ್ನಿಗೆ ಒಂದು ಬೆಟ್ಟ ಇದ್ದೇ ಇರುತ್ತದೆ. ತೋಟಕ್ಕೆ, ಕೊಟ್ಟಿಗೆಗೆ ಸೊಪ್ಪು ತರುವ ಕಾಡು ಅದು. ಉತ್ತರ ಕನ್ನಡ, ಶಿವಮೊಗ್ಗದ ಕಡೆ ಅದು ಸೊಪ್ಪಿನ ಬೆಟ್ಟ. ಕೊಡಗಿನಲ್ಲಿ ಬಾಣೆ, ದಕ್ಷಿಣ ಕನ್ನಡದಲ್ಲಿ ಕುಮ್ಕಿ. ಹಕ್ಕಿನ ಲೆಕ್ಕಾಚಾರ ಒಂದೊಂದು ಕಡೆ ಒಂದೊಂದು ಬಗೆ. ಆದರೆ ಮಾಗಿಯ ಚಳಿ ಇಳಿದು ಮರಗಳು ಎಲೆ ಉದುರಿಸತೊಡಗುವಾಗ ಅಲ್ಲಿ ಎದುರಾಗುವ ಪ್ರಶ್ನೆ ಒಂದೇ: ಯಾವ ಕೆಲಸ ಈಗಲೇ ಮುಗಿಸಬೇಕು, ಯಾವುದಕ್ಕೆ ಕೈ ಹಾಕಬಾರದು?

ನನ್ನ ಉತ್ತರ ಸರಳ. ಕತ್ತಿ, ಗುದ್ದಲಿ, ಪೊರಕೆಯ ಕೆಲಸವೆಲ್ಲ ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ ಮುಗಿಯಬೇಕು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರಲ್ಲ, ಅದೇ ಹೊತ್ತಿಗೆ ಬೆಟ್ಟದ ಹಕ್ಕಿಗಳೂ ಹಾವುಗಳೂ ಸಂಸಾರಕ್ಕೆ ಇಳಿದಿರುತ್ತವೆ. ಅಲ್ಲಿಂದ ಮಳೆ ಬೀಳುವವರೆಗೆ ಬೆಟ್ಟದಲ್ಲಿ ನಮಗಿರುವ ಮುಖ್ಯ ಕೆಲಸ ಬೆಂಕಿ ಬೀಳದಂತೆ ಕಾಯುವುದು. ಶಿವರಾತ್ರಿ ಯಾವಾಗ ಬರುತ್ತದೆ ಎನ್ನುವುದರ ಮೇಲೆ ಸಿಗುವುದು ನಾಲ್ಕರಿಂದ ಎಂಟು ವಾರ ಮಾತ್ರ. ಹಾಗಾಗಿ ಕೆಲಸದ ಸರದಿ ಮುಖ್ಯ.

ಕಾನೂನಿನ ಮಾತು ಮೊದಲೇ ಮುಗಿಸೋಣ

ಸೊಪ್ಪಿನ ಬೆಟ್ಟ ಅನುಭವಿಸಲು ಕೊಟ್ಟ ಸೌಲಭ್ಯವೇ ಹೊರತು ಮಾಲೀಕತ್ವವಲ್ಲ. ಸೊಪ್ಪು, ದರಕು (ಉದುರಿದ ಒಣ ಎಲೆ), ಒಣ ಕಟ್ಟಿಗೆಗೆ ಅವಕಾಶ ಇದ್ದ ಮಾತ್ರಕ್ಕೆ ಮರ ಕಡಿಯಲು ಅವಕಾಶ ಇದೆ ಎಂದಲ್ಲ. ಸ್ವಂತ ಜಮೀನಿನ ಮರಕ್ಕೂ 1976ರ ಮರ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಗೂಡು, ಮೊಟ್ಟೆ, ಮರಿಗಳ ತಂಟೆಗೆ ಹೋದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ನಿಮ್ಮ ಬೆಟ್ಟದ ನಿಯಮವೇನು ಎಂಬುದನ್ನು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಒಮ್ಮೆ ಕೇಳಿ ತಿಳಿದುಕೊಳ್ಳಿ. ಪಕ್ಕದ ಮನೆಯವರು ಹೇಳಿದ್ದನ್ನು ನಂಬಿ ಕೊಡಲಿ ಎತ್ತಬೇಡಿ.

ಮೊದಲ ದಿನ ಬರಿಗೈಯಲ್ಲಿ ಹೋಗಿ

ಕೆಲಸದವರನ್ನು ಕರೆಯುವ ಮೊದಲು ಒಬ್ಬರೇ, ಕತ್ತಿ ಇಲ್ಲದೆ, ಬೆಳಿಗ್ಗೆ ಬೆಟ್ಟವನ್ನೆಲ್ಲ ಸುತ್ತಿ ಬನ್ನಿ. ಕೈಯಲ್ಲಿ ಕತ್ತಿ ಇದ್ದರೆ ಕಣ್ಣು ಕಡಿಯಬೇಕಾದ್ದನ್ನೇ ಹುಡುಕುತ್ತದೆ. ಈ ಸುತ್ತಿನಲ್ಲಿ ಹುಡುಕಬೇಕಾದ್ದು ಬಿಡಬೇಕಾದ್ದನ್ನು.

ಪೊಟರೆ ಇರುವ ಹಳೆಯ ಮರಗಳ ಹತ್ತಿರ ನಿಧಾನಿಸಿ. ಮೊದಲು ಬುಡ ನೋಡಿ, ಆಮೇಲೆ ತಲೆ ಎತ್ತಿ. ಬುಡದ ದರಕಿನ ಮೇಲೆ ಬೆಳ್ಳನೆಯ ಹೊಸ ಮರದ ಚಕ್ಕೆ, ಪುಡಿ ಬಿದ್ದಿದ್ದರೆ ಮೇಲೆ ಮರಕುಟಿಗವೋ ಕುಟುರ ಹಕ್ಕಿಯೋ ಈಗಷ್ಟೇ ಗೂಡು ಕೊರೆಯುತ್ತಿದೆ ಎಂದರ್ಥ. ಚಕ್ಕೆ ಕಪ್ಪಾಗಿದ್ದರೆ ಅದು ಹಳೆಯದು. ಆದರೂ ಆ ತೂತನ್ನು ಬೇರೆ ಹಕ್ಕಿಯೋ ಅಳಿಲೋ ತುಡುವೆ ಜೇನೋ ಹಿಡಿದಿರಬಹುದು.

ಮಂಗಟ್ಟೆ ಹಕ್ಕಿಯ (ಹಾರ್ನ್‌ಬಿಲ್) ಗೂಡಿನ ಗುರುತು ಬೇರೆ. ಮಲೆ ಮಂಗಟ್ಟೆಗಳು ಜನವರಿಯಿಂದಲೇ ಪೊಟರೆ ನೋಡತೊಡಗುತ್ತವೆ. ಹೆಣ್ಣು ಒಳಗೆ ಸೇರಿ, ಹಿಕ್ಕೆ ಮತ್ತು ಹಣ್ಣಿನ ತಿರುಳು ಮೆತ್ತಿ ಬಾಯಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಹೆಣ್ಣಿಗೂ ಮರಿಗೂ ಆ ಸೀಳಿನಲ್ಲೇ ಊಟ. ಹಾಗಾಗಿ ಮರದ ಬುಡದಲ್ಲಿ ಹಣ್ಣಿನ ಬೀಜ ಚೆಲ್ಲಿದ್ದು, ಕಾಂಡದ ಮೇಲೆ ಹಿಕ್ಕೆಯ ಗೆರೆ ಇಳಿದಿದ್ದು ಕಂಡರೆ ಅಲ್ಲಿ ನಿಲ್ಲದೆ ಮುಂದೆ ನಡೆಯಿರಿ. ಗಂಡು ಹಕ್ಕಿ ಹಣ್ಣು ತಂದು ಪಕ್ಕದ ಮರದಲ್ಲಿ ಕಾದಿರುತ್ತದೆ. ನೀವು ನಿಂತಷ್ಟು ಹೊತ್ತು ಅದು ಗೂಡಿಗೆ ಬರುವುದಿಲ್ಲ, ಒಳಗಿನದಕ್ಕೆ ಉಪವಾಸ. ಕಾಳಿ ಕಣಿವೆಯಲ್ಲಿ ಮಂಗಟ್ಟೆಗಳಿಗೆಂದೇ 2011ರಲ್ಲಿ ದಾಂಡೇಲಿ ಸಂರಕ್ಷಣಾ ಮೀಸಲು ಘೋಷಿಸಿದ್ದಾರೆ. ಆದರೆ ಮೀಸಲಿನ ಗಡಿ ಹಕ್ಕಿಗೆ ಗೊತ್ತಿಲ್ಲ. ಪೊಟರೆ ಇರುವ ಒಂದು ದೊಡ್ಡ ಮರ ನಿಮ್ಮ ಬೆಟ್ಟದಲ್ಲಿದ್ದರೆ ಅದು ಅಲ್ಲಿಗೂ ಬರುತ್ತದೆ.

ಇಂಥ ಮರಗಳಿಗೆಲ್ಲ ಹಳೆಯ ಬಟ್ಟೆಯ ಪಟ್ಟಿ ಕಟ್ಟಿ. ಪಟ್ಟಿ ಇರುವ ಮರವನ್ನು ಹತ್ತುವಂತಿಲ್ಲ, ಅದರ ಸುತ್ತ ಹತ್ತು ಮಾರು (ಚಾಚಿದ ಎರಡು ಕೈಯ ಅಗಲ ಒಂದು ಮಾರು) ಜಾಗದಲ್ಲಿ ಕತ್ತಿ ಬೀಸುವಂತಿಲ್ಲ ಎಂದು ಕೆಲಸಕ್ಕೆ ಬರುವವರಿಗೆ ಮೊದಲೇ ಹೇಳಿಬಿಡಿ. ಅರ್ಧ ಒಣಗಿ ನಿಂತ ಮರಕ್ಕೂ ಪಟ್ಟಿ ಕಟ್ಟಬೇಕು. "ಸತ್ತ ಮರ, ಸೌದೆಗಾದರೂ ಆಗುತ್ತದೆ" ಎನ್ನುವ ವಾದ ಬಂದೇ ಬರುತ್ತದೆ. ಸೌದೆಗೆ ನೆಲಕ್ಕೆ ಬಿದ್ದದ್ದು ಸಾಕಷ್ಟಿದೆ.

ಉಣುಗಿಗೆ ಸಿದ್ಧರಾಗಿ

ಬೆಟ್ಟದ ಕೆಲಸದ ಹಂಗಾಮೇ ಉಣುಗಿನ, ಅಂದರೆ ರಕ್ತ ಹೀರುವ ಉಣ್ಣೆಯ ಹಂಗಾಮು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಡಿಸೆಂಬರಿನಿಂದ ಮೇವರೆಗೆ ಕಾಣಿಸಿಕೊಳ್ಳುತ್ತದೆ. ಕಾಯಿಲೆ ಹರಡುವುದರಲ್ಲಿ ಮರಿ ಉಣುಗಿನ ಪಾಲೇ ಹೆಚ್ಚು. ಅದು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು, ದರಕಿನಲ್ಲೇ ಇರುತ್ತದೆ. ದರಕು ಗುಡಿಸುವವರು ಬಗ್ಗಿ ನಿಲ್ಲುವುದೂ ಅಲ್ಲೇ.

ತುಂಬುತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಮೇಲೆ ಗಂಬೂಟು. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೀಪಾ ತೈಲವನ್ನು ಕೈಕಾಲಿಗೆ, ಕುತ್ತಿಗೆಗೆ ಹಚ್ಚಿಕೊಳ್ಳಿ. ದರಕಿನ ಮೇಲೆ ಕುಳಿತು ಎಲೆ ಅಡಿಕೆ ಹಾಕುವ ಅಭ್ಯಾಸ ಬಿಡಿ. ಕೂರಲು ಬಂಡೆ ಹುಡುಕಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೈ ತಿಕ್ಕಿ ಸ್ನಾನ ಮಾಡಿ, ಮೊಣಕಾಲ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಸುತ್ತ ನೋಡಿಕೊಳ್ಳಿ. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೀಡಿಯ ಕಿಡಿ ಬೇಡ.

ಬೆಟ್ಟದಲ್ಲಿ ಮಂಗ ಸತ್ತು ಬಿದ್ದಿದ್ದರೆ ಆ ದಿನ ಕೆಲಸ ನಿಲ್ಲಿಸಿ ವಾಪಸಾಗಿ. ಮುಟ್ಟಬೇಡಿ, ಹೂಳಲೂ ಹೋಗಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ. ಬೆಟ್ಟಕ್ಕೆ ಹೋಗಿ ಬಂದ ಮೇಲೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಬೆಟ್ಟಕ್ಕೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಬೆಂಕಿ ರೇಖೆ: ಉಳಿದದ್ದೆಲ್ಲ ಇದರ ನಂತರ

ಆಳು ಸಿಕ್ಕಿದ್ದು ಎರಡೇ ದಿನಕ್ಕೆ ಎಂದಾದರೆ ಆ ಎರಡು ದಿನವೂ ಬೆಂಕಿ ರೇಖೆಗೇ, ಅಂದರೆ ಬೆಂಕಿ ದಾಟದಂತೆ ದರಕು ಗುಡಿಸಿ ತೆಗೆದ ಬೋಳು ಪಟ್ಟಿಗೇ ಹೋಗಲಿ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಉರಿದದ್ದನ್ನು ನೋಡಿದ್ದೇವೆ. ಎಷ್ಟು ಎಕರೆ ಎನ್ನುವುದಕ್ಕಿಂತ ಯಾವ ತಿಂಗಳು ಎನ್ನುವುದು ಇಲ್ಲಿ ಮುಖ್ಯ. ಬೇಸಿಗೆ ಇನ್ನೂ ಕಾಲಿಟ್ಟಿರಲಿಲ್ಲ.

ಎಲ್ಲಿಂದ ಶುರು ಮಾಡಬೇಕು ಎಂದರೆ, ಬೆಂಕಿ ಎಲ್ಲಿಂದ ಬರುತ್ತದೋ ಅಲ್ಲಿಂದ. ಅದು ಸಾಮಾನ್ಯವಾಗಿ ರಸ್ತೆ ಬದಿ, ಕಾಲುದಾರಿ, ವಿದ್ಯುತ್ ತಂತಿಯ ಕೆಳಗೆ, ಇಲ್ಲವೇ ಪಕ್ಕದ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ನಿಂತ ಒಣ ಕರಡದ ಹುಲ್ಲಿನಿಂದ. ಬೆಂಕಿ ಇಳಿಜಾರಿನಲ್ಲಿ ನಿಧಾನ, ಏರಿನಲ್ಲಿ ಓಟ. ಆದ್ದರಿಂದ ಬೆಟ್ಟದ ಬುಡದ ರೇಖೆ ಅಗಲವಾಗಿರಲಿ, ತಲೆಯದು ಕಿರಿದಾದರೂ ನಡೆಯುತ್ತದೆ. ಹೊಸ ಗೆರೆ ಎಳೆಯುವ ಮೊದಲು ಇರುವುದನ್ನು ಬಳಸಿಕೊಳ್ಳಿ. ಹಳೆಯ ಗಾಡಿ ದಾರಿ, ಅಗಳದ (ಗಡಿಯ ಕಂದಕದ) ದಂಡೆ, ಬಂಡೆ ಸಾಲು, ಹಳ್ಳ ಎಲ್ಲವೂ ಅರ್ಧ ಸಿದ್ಧವಾದ ರೇಖೆಗಳೇ. ನಡುನಡುವೆ ಕೊಂಡಿ ಜೋಡಿಸಿದರೆ ಸಾಕು.

ಸಾಧಾರಣ ದರಕು ಬೀಳುವ ಕಡೆ ಎರಡು ಮಾರು ಅಗಲ, ಎತ್ತರದ ಒಣ ಹುಲ್ಲು ಪಕ್ಕದಲ್ಲಿದ್ದರೆ ಮೂರು ಮಾರು. ನೆಲದ ಮಣ್ಣು ಕಾಣುವವರೆಗೆ ಗುಡಿಸಬೇಕು. ಒಂದು ಪದರ ಉಳಿದರೂ ಬೆಂಕಿ ಅದರಲ್ಲೇ ತೆವಳಿ ಆಚೆ ದಾಟುತ್ತದೆ. ಗುಡಿಸುವುದು ಬೆಳಿಗ್ಗೆ ಇಬ್ಬನಿ ಆರುವ ಮೊದಲು. ಆಗ ದರಕು ಮೆತ್ತಗಿರುತ್ತದೆ, ಧೂಳು ಏಳುವುದಿಲ್ಲ, ಕೆಲಸವೂ ಸಾಗುತ್ತದೆ. ಅರಣ್ಯ ಇಲಾಖೆಯವರು ಬಳಸುವ ಗಾಳಿ ಊದುವ ಬ್ಲೋಯರ್ ಬಾಡಿಗೆಗೆ ಸಿಕ್ಕರೆ ಒಳ್ಳೆಯದೇ, ಆದರೆ ಪೆಟ್ರೋಲ್ ಡಬ್ಬಿಯನ್ನು ದರಕಿನ ಮೇಲೆ ಇಟ್ಟು ಸ್ಟಾರ್ಟ್ ಮಾಡುವವರನ್ನು ಬೆಟ್ಟಕ್ಕೆ ಬಿಡಬೇಡಿ.

ಗುಡಿಸಿದ ದರಕನ್ನು ರೇಖೆಯ ಅಂಚಿನಲ್ಲೇ ಗುಡ್ಡೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಆ ಗುಡ್ಡೆಗೆ ಕಿಡಿ ಬಿದ್ದರೆ ಎರಡು ಮಾರು ಯಾವ ಲೆಕ್ಕಕ್ಕೂ ಇಲ್ಲ. ಕೊಟ್ಟಿಗೆಗೋ ಗೊಬ್ಬರದ ಗುಂಡಿಗೋ ಅದೇ ದಿನ ಸಾಗಿಸಿ. ಸಾಗಿಸಲು ಆಗದಿದ್ದರೆ ಬೆಟ್ಟದ ಒಳಭಾಗಕ್ಕೆ ತೆಳುವಾಗಿ ಹರಡಿ. ರೇಖೆಗೆ ಅಡ್ಡ ಬಿದ್ದ ಒಣ ದಿಮ್ಮಿ ಬೆಂಕಿಗೆ ಸೇತುವೆಯಾಗುತ್ತದೆ, ಅದನ್ನು ಉರುಳಿಸಿ. ಪಟ್ಟಿ ಕಟ್ಟಿದ ಒಣಮರ ರೇಖೆಯ ಹತ್ತಿರವೇ ಇದ್ದರೆ ಕಡಿಯುವ ಬದಲು ಬುಡದ ಸುತ್ತ ಒಂದು ಮಾರು ಚೊಕ್ಕಟ ಮಾಡಿ.

ದರಕು ಸುಟ್ಟು ರೇಖೆ ಮಾಡುವುದು ಬೇಗ ಮುಗಿಯುವ ದಾರಿ ಎನ್ನುವವರಿದ್ದಾರೆ. ಇಲಾಖೆ ಹಾಗೆ ಮಾಡುವಾಗ ಜನ, ನೀರು, ಅನುಭವ ಎಲ್ಲ ಜೊತೆಗಿರುತ್ತದೆ. ನಿಮ್ಮ ಹತ್ತಿರ ಇರುವುದು ಬೆಂಕಿಪೊಟ್ಟಣ ಒಂದೇ. ಬೇಡ.

ಇನ್ನೊಂದು ಮಾತು: ರೇಖೆ ಒಮ್ಮೆ ಗುಡಿಸಿದರೆ ಮುಗಿಯುವ ಕೆಲಸವಲ್ಲ. ಮತ್ತಿ, ಕಿಂದಳ, ಕವಲು ಮರಗಳು ಫೆಬ್ರವರಿ, ಮಾರ್ಚ್‌ನಲ್ಲೂ ಎಲೆ ಉದುರಿಸುತ್ತಲೇ ಇರುತ್ತವೆ. ಹಾಗಾಗಿ ಶಿವರಾತ್ರಿ ಕಳೆದ ಮೇಲೂ ರೇಖೆಯ ಮಟ್ಟಿಗೆ ಮಾತ್ರ ಹತ್ತು ಹದಿನೈದು ದಿನಕ್ಕೊಮ್ಮೆ ಪೊರಕೆ ಹಿಡಿದು ಸುತ್ತು ಹಾಕಬೇಕು.

ದರಕು: ಎಷ್ಟು ತರುವುದು

ಹಟ್ಟಿಗೆ, ತೋಟಕ್ಕೆ ದರಕು ಬೇಕು ನಿಜ. ಆದರೆ ಬೆಟ್ಟದ ನೆಲವನ್ನು ಅಂಗಳದಂತೆ ಗುಡಿಸಿದರೆ ಮೊದಲ ಮಳೆಗೆ ಮೇಲ್ಮಣ್ಣು ತೊಳೆದು ಹಳ್ಳ ಸೇರುತ್ತದೆ. ಬೆಟ್ಟವನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿ, ವರ್ಷಕ್ಕೆ ಒಂದು ಪಾಲಿನಲ್ಲಿ ಮಾತ್ರ ದರಕು ಗುಡಿಸಿ. ಅಲ್ಲೂ ಮೇಲಿನ ಗರಿಗರಿ ಎಲೆ ಮಾತ್ರ. ಕೆಳಗಿನ ಕಪ್ಪಗೆ ಕೊಳೆತ ಪದರ ಮಣ್ಣಿನದು. ಕಡಿದಾದ ಇಳಿಜಾರು, ಒರತೆಯ ಸುತ್ತ, ಹಳ್ಳದ ದಂಡೆಗಳಲ್ಲಿ ಪೊರಕೆ ಹಿಡಿಯಲೇಬೇಡಿ.

ಗುಡಿಸುವವರು ಮೊದಲು ಕೋಲಿನಿಂದ ಕೆದಕಿ, ಆಮೇಲೆ ಕೈ ಹಾಕಲಿ. ಕೊಳಕುಮಂಡಲ ಹಾವು ದರಕಿನ ಬಣ್ಣದಲ್ಲೇ ಮಲಗಿರುತ್ತದೆ.

ಮಾರ್ಚ್ ಸುಮಾರಿಗೆ ಇನ್ನೊಂದು ಸಂಗತಿ. ಬಿದಿರು ಮೆಳೆಯ ಹತ್ತಿರವೋ ಮರದ ಬುಡದಲ್ಲೋ ಯಾರೂ ಗುಡಿಸದ ಜಾಗದಲ್ಲಿ ದರಕಿನ ಗುಡ್ಡೆ ಕಂಡರೆ, "ಯಾರೋ ಒಟ್ಟಿಟ್ಟಿದ್ದಾರೆ, ಸಲೀಸಾಯಿತು" ಎಂದು ಬುಟ್ಟಿ ಹಿಡಿದು ಹೋಗಬೇಡಿ. ಅದು ಕಾಳಿಂಗ ಸರ್ಪದ ಗೂಡಿರಬಹುದು. ಎಲೆ ಒಟ್ಟಿ ಗೂಡು ಕಟ್ಟುವ ಹಾವು ಇದೊಂದೇ. ಹೆಣ್ಣು ತನ್ನ ಮೈಯ ಸುರುಳಿಯಿಂದ ದರಕನ್ನು ಎಳೆದು ರಾಶಿ ಮಾಡಿ, ನಡುವೆ ಮೊಟ್ಟೆಯಿಟ್ಟು, ಮೇಲೆ ಕುಳಿತು ಕಾಯುತ್ತದೆ. ಪಶ್ಚಿಮ ಘಟ್ಟದ ಈ ಹಾವು ಬೇರೆಯೇ ಪ್ರಭೇದವೆಂದು 2024ರಲ್ಲಿ ವಿಜ್ಞಾನಿಗಳು ಗುರುತಿಸಿ, ಓಫಿಯೊಫೇಗಸ್ ಕಾಳಿಂಗ ಎಂದು ಹೆಸರಿಟ್ಟರು. ಗುಡ್ಡೆಯಿಂದ ದೂರ ಸರಿದು ಇಲಾಖೆಗೆ ತಿಳಿಸಿ. ಆಗುಂಬೆಯಲ್ಲಿ 2005ರಿಂದ ಇರುವ ಮಳೆಕಾಡು ಸಂಶೋಧನಾ ಕೇಂದ್ರದವರು ಇಂಥ ಗೂಡುಗಳನ್ನು ಇದ್ದಲ್ಲೇ ಕಾಪಾಡುವ ಕೆಲಸ ಮಾಡುತ್ತಾ ಬಂದಿದ್ದಾರೆ. ಮೊಟ್ಟೆ ಒಡೆಯುವ ಹೊತ್ತಿಗೆ ತಾಯಿ ಗೂಡು ಬಿಟ್ಟು ಹೋಗಿರುತ್ತದೆ.

ಸೊಪ್ಪು ಸವರುವ ಕ್ರಮ

ದರಕಿಗೆ ಹೇಳಿದ ಮೂರು ಪಾಲಿನ ಲೆಕ್ಕ ಸೊಪ್ಪಿಗೂ ಸರಿ. ಮರದ ತುದಿಯ ಮೂರನೇ ಒಂದು ಭಾಗವನ್ನು ಮುಟ್ಟಬಾರದು. ತಲೆ ಬೋಳಿಸಿದ ಮರ ಮರುವರ್ಷ ಸೊಪ್ಪು ಕೊಡುವುದಕ್ಕಿಂತ ಜೀವ ಹಿಡಿದುಕೊಳ್ಳುವುದರಲ್ಲೇ ಸುಸ್ತಾಗುತ್ತದೆ. ದಪ್ಪ ಕೊಂಬೆಯಾದರೆ ಮೊದಲು ಕೆಳಗಿನಿಂದ ಒಂದು ಕಚ್ಚು ಹಾಕಿ, ಆಮೇಲೆ ಮೇಲಿನಿಂದ ಕಡಿಯಿರಿ. ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ.

ಆಲ, ಅತ್ತಿ, ಬಸರಿಗಳನ್ನು ಸೊಪ್ಪಿನ ಪಟ್ಟಿಯಿಂದಲೇ ತೆಗೆದುಬಿಡಿ. ಕಾಡಿನಲ್ಲಿ ಬೇರೆ ಹಣ್ಣು ಇಲ್ಲದ ದಿನಗಳಲ್ಲೂ ಇವುಗಳಲ್ಲಿ ಯಾವುದಾದರೊಂದು ಹಣ್ಣು ಬಿಟ್ಟಿರುತ್ತದೆ. ಮಂಗಟ್ಟೆ, ಕುಟುರ, ಕೆಂದಳಿಲು, ಬಾವಲಿ ಎಲ್ಲಕ್ಕೂ ಅದೇ ಆಸರೆ. ರಾಮಪತ್ರೆಗೂ ಇದೇ ಮರ್ಯಾದೆ ಸಲ್ಲಬೇಕು. ಈಗ ಹೂವಿಗೆ ಬರುವ ಮುತ್ತುಗ, ಬೂರುಗ, ಹಾಲುವಾಣಗಳನ್ನು ಹೂ ಮುಗಿಯುವ ತನಕ ಹಾಗೇ ಬಿಡಿ. ಒಂದು ಬೂರುಗದ ಮರ ಹೂ ಬಿಟ್ಟಾಗ ಬೆಳಿಗ್ಗೆ ಅದರ ಕೆಳಗೆ ಕಾಲು ಗಂಟೆ ನಿಂತರೆ ನಿಮ್ಮ ಬೆಟ್ಟದಲ್ಲಿ ಯಾವ ಯಾವ ಹಕ್ಕಿ ಇದೆ ಎಂಬ ಪಟ್ಟಿಯೇ ಸಿಗುತ್ತದೆ; ಕಾಜಾಣ, ಗೊರವಂಕ, ಗಿಳಿ, ಪಿಕಳಾರ ಎಲ್ಲವೂ ಅಲ್ಲೇ.

ಲಂಟಾನ, ಯುಪಟೋರಿಯಂ

ಯುಪಟೋರಿಯಂ, ಅಂದರೆ ಕಮ್ಯುನಿಸ್ಟ್ ಗಿಡ, ಜನವರಿಯಲ್ಲಿ ಹೂವಿನಲ್ಲಿರುತ್ತದೆ. ಬೀಜ ಹಾರುವ ಮೊದಲು ಕೀಳಬೇಕು, ನೆಲದಲ್ಲಿ ಇನ್ನೂ ತೇವ ಇರುವುದರಿಂದ ಬುಡಸಮೇತ ಬರುತ್ತದೆ. ಬೀಜ ಬಲಿತು ಹಾರತೊಡಗಿದ ಮೇಲೆ ಕಿತ್ತು ಹೊತ್ತುಕೊಂಡು ಹೋದರೆ ದಾರಿಯುದ್ದಕ್ಕೂ ಬಿತ್ತಿದಂತೆ. ಆಗ ಬಿಟ್ಟುಬಿಡಿ, ಮುಂದಿನ ಮಳೆಗಾಲದಲ್ಲಿ ಸಣ್ಣ ಗಿಡವನ್ನೇ ಕೀಳಿ.

ಲಂಟಾನವನ್ನು ಕತ್ತಿಯಿಂದ ಕಡಿದವರು ಮರುವರ್ಷ ಎರಡರಷ್ಟು ಕಡಿಯುತ್ತಾರೆ. ಒಂದು ಕಾಂಡ ಕಡಿದಲ್ಲಿ ನಾಲ್ಕು ಚಿಗುರುತ್ತದೆ. ಹಾರೆಯಿಂದ ಬುಡ ಸಡಿಲಿಸಿ, ಕಾಂಡ ಮತ್ತು ಬೇರು ಸೇರುವ ಗಂಟಿನ ಕೆಳಗೆ, ನೆಲದಿಂದ ಒಂದೆರಡು ಇಂಚು ಆಳದಲ್ಲಿ ಬೇರನ್ನು ಕತ್ತರಿಸಿ. ಕಿತ್ತ ಗಿಡವನ್ನು ಬೇರು ಮೇಲಾಗಿ ಬೋರಲು ಹಾಕಿ. ನೆಲಕ್ಕೆ ತಾಗಿದರೆ ಮತ್ತೆ ಬೇರು ಬಿಡಬಹುದು. ಒಂದೇ ವರ್ಷದಲ್ಲಿ ಎಲ್ಲವನ್ನೂ ತೆಗೆಯುವ ಹಟ ಬೇಡ. ಬೆಂಕಿ ರೇಖೆಯ ಪಕ್ಕದ್ದು ಮೊದಲು, ಏಕೆಂದರೆ ಒಣಗಿದ ಲಂಟಾನ ನೆಲದ ಬೆಂಕಿಯನ್ನು ಮರದ ತಲೆಗೆ ಏರಿಸುತ್ತದೆ. ಪೊದೆಗೆ ಕೈ ಹಾಕುವ ಮೊದಲು ಸ್ವಲ್ಪ ಹೊತ್ತು ದೂರ ನಿಂತು ನೋಡಿ. ಪಿಕಳಾರ ಬಾಯಲ್ಲಿ ನಾರು ಹಿಡಿದು ಒಳಗೆ ನುಗ್ಗಿದರೆ ಆ ಪೊದೆಯನ್ನು ಮಳೆಗಾಲದವರೆಗೆ ಬಿಡಿ.

ಬೀಜ ಮತ್ತು ನೀರು

ಅಂಟುವಾಳ, ಸೀಗೆ, ತಾರೆ, ಅಳಲೆ, ಹೊನ್ನೆ ಎಲ್ಲ ಈ ತಿಂಗಳುಗಳಲ್ಲೇ ಬಲಿತು ಉದುರುತ್ತವೆ, ಮತ್ತಿಯ ರೆಕ್ಕೆಕಾಯಿ ತುಸು ತಡ. ಒಂದೇ ಮರದ ಕೆಳಗೆ ಚೀಲ ತುಂಬಿಸದೆ ಐದಾರು ಮರಗಳಿಂದ ಸ್ವಲ್ಪ ಸ್ವಲ್ಪ ಆರಿಸಿ. ತಾರೆ, ನೆಲ್ಲಿ ಜಿಂಕೆಗೂ ಬೇಕು. ಬಟ್ಟೆ ಚೀಲದಲ್ಲಿ, ನೆರಳಿನಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೂಸ್ಟು ಹಿಡಿಯುತ್ತದೆ. ಅಂಟುವಾಳದಂಥ ಗಟ್ಟಿ ಬೀಜವನ್ನು ಬಿತ್ತುವ ಹಿಂದಿನ ದಿನ ಬಿಸಿನೀರಿನಲ್ಲಿ ನೆನೆಸಿ.

ಒರತೆ ಇದ್ದರೆ ಹೂಳು ತೆಗೆಯಿರಿ, ಆದರೆ ಅಗೆದು ದೊಡ್ಡದು ಮಾಡಬೇಡಿ, ಮೇಲಿನ ನೆರಳು ಕಡಿಯಬೇಡಿ. ಪೈಪು ಹಾಕಿ ನೀರನ್ನೆಲ್ಲ ತೋಟಕ್ಕೆ ಇಳಿಸುವವರು ಒಂದಿಷ್ಟು ಅಲ್ಲೇ ತುಳುಕಲು ಬಿಡಲಿ. ಹಕ್ಕಿಗೆ ನೀರಿಡುವುದಾದರೆ ಎರಡು ಇಂಚು ಆಳದ ಮಣ್ಣಿನ ತಟ್ಟೆ ಸಾಕು, ಜೇನು ಮುಳುಗದಂತೆ ನಡುವೆ ಕಲ್ಲು, ಎರಡು ದಿನಕ್ಕೊಮ್ಮೆ ತಿಕ್ಕಿ ತೊಳೆಯುವುದು. ತೆರೆದ ಡ್ರಮ್ಮು, ಟ್ಯಾಂಕು ಇದ್ದರೆ ಬಿದ್ದ ಅಳಿಲು ಹತ್ತಿ ಬರಲು ಒಂದು ಒರಟು ಕೊಂಬೆ ಇಳಿಬಿಡಿ. ಅಗಳದ ಹೂಳು ತೆಗೆಯುವಾಗಲೂ ಅಷ್ಟೆ, ಅಲ್ಲಲ್ಲಿ ಒಂದು ಬದಿಯನ್ನು ಇಳಿಜಾರಾಗಿ ಕಡಿದರೆ ಬಿದ್ದ ಪ್ರಾಣಿಗೆ ದಾರಿಯಾಗುತ್ತದೆ. ಮಂಗಗಳಿಗೆ ತಿಂಡಿ ಇಡುವ ಪುಣ್ಯಕಾರ್ಯ ಬೇಡವೇ ಬೇಡ.

ಶಿವರಾತ್ರಿಯ ನಂತರ

ಕತ್ತಿ ಮೇಲಿಟ್ಟ ಮೇಲೆ ಉಳಿಯುವುದು ಕಾವಲು. ಅಕ್ಕಪಕ್ಕದ ಬೆಟ್ಟದವರು, ಗ್ರಾಮ ಅರಣ್ಯ ಸಮಿತಿಯವರು, ಇಲಾಖೆಯ ಬೆಂಕಿ ಕಾವಲುಗಾರರು ಇವರ ನಂಬರುಗಳು ಮೊಬೈಲಿನಲ್ಲಿರಲಿ. ಅರಣ್ಯ ಸಹಾಯವಾಣಿ 1926, ತುರ್ತಿಗೆ 112. ಹೊಗೆ ಕಂಡರೆ ಮೊದಲು ಫೋನು, ಆಮೇಲೆ ಓಟ. ಸಣ್ಣ ನೆಲದ ಬೆಂಕಿಯನ್ನು ಹಸಿ ಸೊಪ್ಪಿನ ಟೊಂಗೆಯಿಂದ ಅಂಚಿನಿಂದ ಒಳಕ್ಕೆ ಬಡಿಯುತ್ತಾ ಹೋಗಬಹುದು. ಗಾಳಿಗೆ ಬೆನ್ನು ಕೊಟ್ಟು, ಸುಟ್ಟು ಕರಕಾದ ಕಡೆಯಿಂದ. ಮೇಲೇರುವ ಬೆಂಕಿಯ ಮುಂದೆ ಏರಿನಲ್ಲಿ ನಿಲ್ಲಬಾರದು. ಜ್ವಾಲೆ ಸೊಂಟದೆತ್ತರ ದಾಟಿದರೆ ನಿಮ್ಮ ಕೆಲಸವಲ್ಲ, ಹಿಂದೆ ಸರಿಯಿರಿ. ಆರಿದ ಮೇಲೂ ಒಣ ದಿಮ್ಮಿ, ಪೊಟರೆಗಳಲ್ಲಿ ಕೆಂಡ ಉಳಿದಿರುತ್ತದೆ. ಮರುದಿನ ಬಿಸಿಲೇರುವ ತನಕ ಒಬ್ಬರಾದರೂ ಕಾದಿರಬೇಕು.

ಬೆಂಕಿ ಬಿದ್ದು ಹೋದ ಬೆಟ್ಟದಲ್ಲಿ ಕರಕಲಾದ ಮರಗಳನ್ನು ಕಂಡು "ಇನ್ನು ಇವು ಏಳುವುದಿಲ್ಲ, ತೆಗೆಯಲು ಅರ್ಜಿ ಹಾಕೋಣ" ಎಂದು ಅವಸರ ಮಾಡುವವರು ಬಹಳ. ಮತ್ತಿ, ಕವಲುಗಳ ತೊಗಟೆ ದಪ್ಪ, ಹೊರಗೆ ಸುಟ್ಟರೂ ಒಳಗೆ ಹಸಿ ಇರುತ್ತದೆ. ಉಗುರಿನಷ್ಟು ತೊಗಟೆ ಕೆತ್ತಿ ನೋಡಿ. ಒಳಗೆ ತೇವ ಇದ್ದರೆ ಮರ ಬದುಕಿದೆ. ಒಣಗಿದಂತೆ ಕಂಡರೂ ಮಳೆಗಾಲ ಹಿಡಿದು ಒಂದು ತಿಂಗಳಾಗುವವರೆಗೆ ಕಾಯಿರಿ, ಅಷ್ಟರಲ್ಲಿ ಬುಡದಿಂದಾದರೂ ಚಿಗುರು ಬಂದಿರುತ್ತದೆ.